ತಂಗಿಗೆ ಕ್ಯಾಲ್ಕುಲಸ್ ಹೇಳ್ಕೊಡೋರು ಬೇಕು, ಸೆಕೆಂಡ್ ಪಿಯು, ತಿಪಟೂರು ಕಡೆ ಇಲ್ಲಾ ಆನ್‌ಲೈನ್

ತಿಪಟೂರಿನ ಅಣ್ಣ:

ಎಲ್ರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಪೀಣ್ಯದ ಕಡೆ ಕೆಲ್ಸ ಮಾಡೋದು, ಊರು ತಿಪಟೂರು ಹತ್ರ ಒಂದು ಹಳ್ಳಿ, ಅಪ್ಪ ಅಮ್ಮ ತಂಗಿ ಅಲ್ಲೇ ಇರೋದು. ತಂಗಿ ಈಗ ಸೆಕೆಂಡ್ ಪಿಯು ಪಿಸಿಎಂಬಿ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ ಸರ್ಕಾರಿ ಶಾಲೆ, ಎಸ್ಸೆಸ್ಸೆಲ್ಸಿಲಿ ಗಣಿತಕ್ಕೆ 91 ತಗೊಂಡಿದ್ಲು, ಮನೆಲಿ ಎಲ್ರಿಗೂ ಇವಳು ಲೆಕ್ಕದಲ್ಲಿ ಗಟ್ಟಿ ಅಂತಾನೇ ಇತ್ತು. ಫಸ್ಟ್ ಪಿಯುಲಿ ಲಿಮಿಟ್ಸು ಅನ್ನೋ ಪಾಠ ಬಂದಾಗಿಂದ ಶುರುವಾಗಿದ್ದು, ಹೆಂಗೋ ಬಾಯಿಪಾಠ ಮಾಡ್ಕೊಂಡು ಪಾಸಾದ್ಲು, ಈಗ ಸೆಕೆಂಡ್ ಇಯರಲ್ಲಿ ಡಿಫರೆನ್ಷಿಯೇಷನ್ ನಡೀತಿದೆ, ಮೊನ್ನೆ ಟೆಸ್ಟಲ್ಲಿ 25ಕ್ಕೆ 6 ಬಂದಿದೆ. ಫೋನ್ ಮಾಡಿದ್ರೆ ಸರಿಯಾಗಿ ಮಾತಾಡಲ್ಲ, ಅಮ್ಮ ಹೇಳ್ತಾರೆ ರಾತ್ರಿ ಹನ್ನೊಂದು ಗಂಟೆ ತನಕ ಪುಸ್ತಕ ಮುಂದೆ ಇಟ್ಕೊಂಡು ಸುಮ್ನೆ ಕೂತಿರ್ತಾಳೆ ಅಂತ.

ನಾನು ಐಟಿಐ ಮಾಡಿದೋನು, ನಾವು ಇದನ್ನ ಓದೇ ಇಲ್ಲ, ಹಂಗಾಗಿ ನನ್ನ ಕೈಲಿ ಹೇಳ್ಕೊಡಕ್ಕಾಗಲ್ಲ. ಕಾಲೇಜಲ್ಲಿ ಲೆಕ್ಚರರ್ ಚೆನ್ನಾಗೇ ಹೇಳ್ತಾರಂತೆ ಆದ್ರೆ ಒಂದು ಸೆಕ್ಷನ್ನಲ್ಲಿ ಎಪ್ಪತ್ತು ಜನ, ಇವಳು ಎದ್ದು ನಿಂತು ಡೌಟ್ ಕೇಳೋ ಹುಡ್ಗಿ ಅಲ್ಲ. ಇಂಗ್ಲಿಷಲ್ಲಿ ಕೇಳ್ಬೇಕಲ್ಲ ಅನ್ನೋದೂ ಒಂದು ಭಯ.

ಒಬ್ರು ಪ್ರೈವೇಟ್ ಟ್ಯೂಟರ್ ನೋಡೋಣ ಅಂತಿದೀನಿ, ಬ್ಯಾಚ್ ಅಲ್ಲ, ಒಬ್ಳಿಗೇ ಹೇಳ್ಕೊಡೋರು. ತಿಪಟೂರು ಟೌನಲ್ಲಿ ಸಿಕ್ರೆ ಒಳ್ಳೇದು, ಆದ್ರೆ ನಮ್ಮೂರಿಗೆ ಸಂಜೆ ಕೊನೇ ಬಸ್ಸು 6.45ಕ್ಕೆ, ಅದು ತಪ್ಪಿದ್ರೆ ಅಪ್ಪ ಗಾಡಿ ತಗೊಂಡು ಬರ್ಬೇಕು, ಅವ್ರಿಗೆ ಕತ್ಲಲ್ಲಿ ಕಣ್ಣು ಸರಿ ಕಾಣಲ್ಲ. ಆನ್‌ಲೈನ್ ಆದ್ರೆ ಮನೇಲಿ ನೆಟ್‌ವರ್ಕು ಪರ್ವಾಗಿಲ್ಲ, ಒಂದು ಸ್ಮಾರ್ಟ್‌ಫೋನ್ ಇದೆ, ಲ್ಯಾಪ್‌ಟಾಪ್ ಇಲ್ಲ. ತಿಂಗಳಿಗೆ ಮೂರು ಸಾವಿರದ ತನಕ ನಾನು ಕೊಡಬಲ್ಲೆ, ತೀರಾ ಬೇಕು ಅಂದ್ರೆ ಇನ್ನೊಂದೈನೂರು. ನನ್ನ ಮುಖ್ಯ ಪ್ರಶ್ನೆ ಏನಂದ್ರೆ, ನನಗೇ ಸಬ್ಜೆಕ್ಟ್ ಗೊತ್ತಿಲ್ಲದಾಗ ಟ್ಯೂಟರ್ ಒಳ್ಳೆಯವ್ರಾ ಇಲ್ವಾ ಅಂತ ಹೆಂಗೆ ಕಂಡುಹಿಡಿಯೋದು? ಡೆಮೋ ಕ್ಲಾಸಲ್ಲಿ ಏನು ನೋಡ್ಬೇಕು? ದಯವಿಟ್ಟು ಅನುಭವ ಇರೋರು ಹೇಳಿ, ಮಾರ್ಚಲ್ಲಿ ಪರೀಕ್ಷೆ, ಆಮೇಲೆ ಸಿಇಟಿ, ಟೈಮ್ ಬಹಳ ಇಲ್ಲ.


ದಾವಣಗೆರೆ ಅಮ್ಮ:

ತಮ್ಮಾ, ತಂಗಿ ಬಗ್ಗೆ ಇಷ್ಟು ಕಾಳಜಿ ಮಾಡೋದು ನೋಡಿ ಮನ್ಸಿಗೆ ಸಮಾಧಾನ ಆಯ್ತು. ನನ್ನ ಮಗನಿಗೆ ಎರಡು ವರ್ಷದ ಹಿಂದೆ ಇದೇ ಆಗಿದ್ದು, ನಾವು ಮಾಡಿದ ತಪ್ಪು ನೀವು ಮಾಡ್ಬಾರ್ದು ಅಂತ ಬರೀತಿದೀನಿ.

ಮೊದ್ಲು ನಾವು ಒಂದು ದೊಡ್ಡ ಕೋಚಿಂಗಿಗೆ ಸೇರಿಸಿದ್ವಿ. ವರ್ಷದ ಫೀಸು ಒಂದೇ ಸಲ ಕಟ್ಟಿಸ್ಕೊಂಡ್ರು, ರಸೀದಿಲಿ ಹಿಂದಿರುಗಿಸಲಾಗುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇತ್ತು, ನಾವು ಓದ್ಲಿಲ್ಲ. ಹಾಲಲ್ಲಿ ತೊಂಬತ್ತು ಮಕ್ಕಳು, ಮೈಕಲ್ಲಿ ಪಾಠ. ಮಗ ದಿನಾ ಹೋಗ್ತಿದ್ದ, ನೋಟ್ಸು ಮುತ್ತಿನ ಹಂಗೆ ಬರೀತಿದ್ದ, ಎರಡು ತಿಂಗಳಾದ್ಮೇಲೆ ಒಂದಿನ ಊಟಕ್ಕೆ ಕೂತಾಗ ಅಮ್ಮಾ ನಂಗೆ ಏನೂ ಅರ್ಥ ಆಗ್ತಿಲ್ಲ ಅಂತ ಅಂದ. ಕಾಲೇಜಲ್ಲಿ ಎಪ್ಪತ್ತು ಜನದ ಮಧ್ಯೆ ಕೂತು ಅರ್ಥ ಆಗದೇ ಇದ್ದಿದ್ದು ಕೋಚಿಂಗಲ್ಲಿ ತೊಂಬತ್ತು ಜನದ ಮಧ್ಯೆ ಹೆಂಗೆ ಅರ್ಥ ಆಗುತ್ತೆ, ಅದು ನನಗೆ ಆಗ ಹೊಳೀಲಿಲ್ಲ. ಅದಕ್ಕೆ ನೀವು ಒಬ್ಳಿಗೇ ಅಂತ ಯೋಚನೆ ಮಾಡ್ತಿರೋದು ಸರಿ ಇದೆ.

ಆಮೇಲೆ ಪಕ್ಕದ ಬೀದಿಲಿ ಒಬ್ಬ ಹುಡ್ಗಿ ಎಮ್ಮೆಸ್ಸಿ ಬಿಎಡ್ ಮಾಡ್ಕೊಂಡು ಪಿಯು ಲೆಕ್ಚರರ್ ಪರೀಕ್ಷೆಗೆ ಓದ್ತಿದ್ಲು, ಅವಳು ಒಪ್ಕೊಂಡ್ಲು. ಇಂಥೋರು ಪ್ರತಿ ತಾಲ್ಲೂಕಲ್ಲೂ ಇರ್ತಾರೆ, ಬೋರ್ಡ್ ಹಾಕ್ಕೊಂಡಿರಲ್ಲ, ಬಾಯಿಂದ ಬಾಯಿಗೆ ಕೇಳ್ಬೇಕು ಅಷ್ಟೇ. ಜೆರಾಕ್ಸ್ ಅಂಗಡಿಯವ್ರನ್ನ ಕೇಳಿ, ಲೈಬ್ರರಿಲಿ ಕೇಳಿ, ಕೆಲ್ಸಕ್ಕೆ ಓದೋ ಮಕ್ಕಳು ಅಲ್ಲೇ ಓಡಾಡ್ತಿರ್ತಾರೆ.

ದುಡ್ಡು ತಿಂಗಳ ಕೊನೇಲಿ ಕೊಡೋ ಹಂಗೆ ಮಾತಾಡ್ಕೊಳ್ಳಿ, ಎಷ್ಟು ಕ್ಲಾಸ್ ಆಗಿದೆ ಅಂತ ಕ್ಯಾಲೆಂಡರ್ ಮೇಲೆ ಗುರ್ತು ಹಾಕಿಸಿ. ಇನ್ನೊಂದು ಮಾತು, ಹೆಣ್ಮಗು, ಯಾರ ಮನೆಗೇ ಹೋಗ್ಲಿ ಅಮ್ಮ ಮೊದ್ಲು ಒಂದ್ಸಲ ಜೊತೆಗೆ ಹೋಗಿ ಮನೆ ನೋಡ್ಕೊಂಡು ಬರ್ಲಿ, ಮನೇಲಿ ಹೆಂಗಸ್ರು ಇರ್ಬೇಕು, ಪಾಠ ನಡುಮನೇಲಿ ಬಾಗ್ಲು ತೆಗ್ದೇ ಆಗ್ಬೇಕು. ಇದನ್ನ ಹೇಳೋಕೆ ಸಂಕೋಚ ಪಡ್ಬೇಡಿ, ಒಳ್ಳೆ ಮೇಷ್ಟ್ರು ಯಾರೂ ಬೇಜಾರ್ ಮಾಡ್ಕೊಳಲ್ಲ.


ಗಣಿತ ಟೀಚರ್, ಮೈಸೂರು:

ನಾನು ಒಂಬತ್ತು ವರ್ಷದಿಂದ ಪಿಯು ಮಕ್ಕಳಿಗೆ ಮನೇಲೂ ಆನ್‌ಲೈನಲ್ಲೂ ಗಣಿತ ಹೇಳ್ಕೊಡ್ತಿದೀನಿ. ಈಗ ಹೊಸಬರನ್ನ ತಗೊಳೋಕೆ ಜಾಗ ಇಲ್ಲ, ಹಂಗಾಗಿ ಇದು ಜಾಹೀರಾತು ಅಲ್ಲ, ನಿಮ್ಮ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರ.

ಎಸ್ಸೆಸ್ಸೆಲ್ಸಿಲಿ 91 ತಗೊಂಡ ಕನ್ನಡ ಮೀಡಿಯಂ ಮಗು ಪಿಯುಲಿ ಮುಗ್ಗರಿಸೋದು ನಾನು ಪ್ರತಿ ವರ್ಷ ನೋಡ್ತೀನಿ, ಮತ್ತೆ ಹತ್ತರಲ್ಲಿ ಎಂಟು ಸಲ ಅದು ಕ್ಯಾಲ್ಕುಲಸ್ ತೊಂದ್ರೆ ಆಗಿರಲ್ಲ. ಒಂದು ಮಗುವಿನ ಕಥೆ ಹೇಳ್ತೀನಿ. ಚಾಮರಾಜನಗರ ಕಡೆಯ ಹುಡ್ಗಿ, ತುಂಬಾ ಚುರುಕು, ನನ್ನ ಹತ್ರ ಬಂದಾಗ ಡೆರಿವೇಟಿವ್ ಫಾರ್ಮುಲಾ ಎಲ್ಲಾ ನಿದ್ದೆಲಿ ಎಬ್ಬಿಸಿ ಕೇಳಿದ್ರೂ ಹೇಳೋಳು, ಲೆಕ್ಕ ಮಾತ್ರ ಒಂದೂ ಬರ್ತಿರ್ಲಿಲ್ಲ. ಮೂರನೇ ದಿನ ನಾನು ಎಫ್ ಆಫ್ ಎಕ್ಸ್ ಅಂತ ಬರ್ದು ಇದನ್ನ ಜೋರಾಗಿ ಓದು ಅಂದೆ. ಅವಳು ಎಫ್ ಇಂಟು ಎಕ್ಸ್ ಅಂತ ಓದಿದ್ಲು. ಬ್ರಾಕೆಟ್ ಪಕ್ಕ ಅಕ್ಷರ ಇದ್ರೆ ಗುಣಾಕಾರ ಅಂತ ಎಂಟನೇ ಕ್ಲಾಸಲ್ಲಿ ಕಲ್ತಿದಾಳೆ, ಅದು ತಪ್ಪೇನಲ್ಲ, ಆದ್ರೆ ಇಲ್ಲಿ ಅರ್ಥ ಬೇರೆ ಅಂತ ಅವಳಿಗೆ ಯಾರೂ ಬಿಡಿಸಿ ಹೇಳಿರ್ಲಿಲ್ಲ. ಒಂದೂವರೆ ವರ್ಷ ಆ ಮಗು ಸೈನ್ ಎಕ್ಸನ್ನೂ ಸೈನ್ ಅನ್ನೋದನ್ನ ಎಕ್ಸಿಂದ ಗುಣಿಸೋದು ಅಂದ್ಕೊಂಡು ಓದಿದೆ. ಆ ದಿನ ನನಗೆ ಅಳುನೇ ಬಂತು.

ಇನ್ನೊಂದು ಪದ ಟ್ಯಾಂಜೆಂಟ್. ಡೆರಿವೇಟಿವ್ ಅಂದ್ರೆ ಸ್ಲೋಪ್ ಆಫ್ ದಿ ಟ್ಯಾಂಜೆಂಟ್ ಅಂತ ಲೆಕ್ಚರರ್ ಹೇಳ್ತಾರೆ. ಕನ್ನಡ ಮೀಡಿಯಂ ಮಗುವಿಗೆ ಹತ್ತನೇ ಕ್ಲಾಸಲ್ಲಿ ವೃತ್ತದ ಪಾಠದಲ್ಲಿ ಬಂದಿರೋದು ಸ್ಪರ್ಶಕ, ಟ್ಯಾನ್ ಅಂದ್ರೆ ತ್ರಿಕೋನಮಿತಿಲಿ ಬರೋ ಟ್ಯಾನ್ ತೀಟಾ. ಟ್ಯಾಂಜೆಂಟ್ ಅಂದ್ರೆ ನಿಂಗೆ ಗೊತ್ತಿರೋ ಸ್ಪರ್ಶಕಾನೇ ಕಣೆ, ಅಲ್ಲಿ ವೃತ್ತಕ್ಕೆ ಎಳೀತಿದ್ದೆ, ಇಲ್ಲಿ ವಕ್ರರೇಖೆಗೆ ಎಳೀತೀಯ ಅಂತ ಒಂದು ಮಾತು ಹೇಳಿದ್ರೆ ಸಾಕು, ಮುಖ ಬದಲಾಗುತ್ತೆ. ಫ್ಯಾಕ್ಟರೈಸ್ ಅಂದ್ರೆ ಅಪವರ್ತಿಸೋದು, ಪಾಲಿನೋಮಿಯಲ್ ಅಂದ್ರೆ ಬಹುಪದೋಕ್ತಿ, ಕ್ವಾಡ್ರಾಟಿಕ್ ಅಂದ್ರೆ ವರ್ಗ ಸಮೀಕರಣ, ಇವೆಲ್ಲ ಆ ಮಗುಗೆ ಬರುತ್ತೆ, ಹೆಸರು ಬೇರೆ ಆಗಿ ಎದುರಿಗೆ ನಿಂತಿದೆ ಅಷ್ಟೇ. ಅದಕ್ಕೆ ನಿಮ್ಮ ತಂಗಿಗೆ ಕನ್ನಡದಲ್ಲಿ ಮಾತಾಡೋ ಟ್ಯೂಟರ್ರೇ ಬೇಕು, ಇದರಲ್ಲಿ ರಾಜಿ ಮಾಡ್ಕೋಬೇಡಿ. ಬರೆಯೋದು ಇಂಗ್ಲಿಷಲ್ಲಿ, ಯೋಚನೆ ಮಾಡೋದು ಕನ್ನಡದಲ್ಲಿ.

ಈಗ ಡೆಮೋ ವಿಷ್ಯ. ಆ 6 ಮಾರ್ಕ್ಸ್ ಬಂದ ಟೆಸ್ಟ್ ಪೇಪರ್ ಬಿಸಾಕ್ಬೇಡಿ, ಅದೇ ನಿಮ್ಮ ಹತ್ರ ಇರೋ ಅತಿ ಮುಖ್ಯವಾದ ಕಾಗದ. ಡೆಮೋಗೆ ಅದನ್ನ ತಗೊಂಡು ಹೋಗಿ ಟ್ಯೂಟರ್ ಮುಂದೆ ಇಡಿ. ಒಳ್ಳೆಯವ್ರು ಅದನ್ನ ನಿಧಾನಕ್ಕೆ ಓದ್ತಾರೆ, ತಪ್ಪಿನ ಪಕ್ಕ ಕೈ ಇಟ್ಟು ಇದನ್ನ ಯಾಕೆ ಹಿಂಗೆ ಬರ್ದೆ ಅಂತ ಕೇಳ್ತಾರೆ, ಉತ್ತರಕ್ಕೆ ಕಾಯ್ತಾರೆ. ಪೇಪರ್ ಪಕ್ಕಕ್ಕಿಟ್ಟು ಬೋರ್ಡ್ ಕಡೆ ತಿರುಗಿ ಮೊದ್ಲಿಂದ ಪಾಠ ಶುರು ಮಾಡಿದ್ರೆ, ಎಷ್ಟೇ ಚೆನ್ನಾಗಿ ಮಾಡ್ಲಿ, ನಿಮ್ಮ ತಂಗಿಗೆ ಅದು ಉಪಯೋಗ ಇಲ್ಲ, ಪಾಠ ಕಾಲೇಜಲ್ಲೂ ಸಿಗ್ತಿದೆ. ನೀವು ಪಕ್ಕದಲ್ಲಿ ಕೂತು ಒಂದೇ ಒಂದು ಗಮನಿಸಿ, ಆ ಒಂದು ಗಂಟೇಲಿ ಪೆನ್ನು ಯಾರ ಕೈಲಿ ಜಾಸ್ತಿ ಹೊತ್ತು ಇತ್ತು ಅಂತ. ಅದಕ್ಕೆ ಕ್ಯಾಲ್ಕುಲಸ್ ಗೊತ್ತಿರಬೇಕಾಗಿಲ್ಲ.

ನೀವೇ ಒಂದು ಪ್ರಶ್ನೆ ಬೇಕಾದ್ರೂ ಕೇಳ್ಬಹುದು. ಸೈನ್ ಎಕ್ಸ್ ಸ್ಕ್ವೇರ್, ಅಂದ್ರೆ ಸ್ಕ್ವೇರ್ ಎಕ್ಸಿಗೆ ಇರೋದು, ಇದರ ಡೆರಿವೇಟಿವ್ ಯಾಕೆ ಬರೀ ಕಾಸ್ ಎಕ್ಸ್ ಸ್ಕ್ವೇರ್ ಅಲ್ಲ, ಮುಂದೆ 2 ಎಕ್ಸ್ ಎಲ್ಲಿಂದ ಬಂತು ಅಂತ. ಅದು ಚೈನ್ ರೂಲ್, ಫಾರ್ಮುಲಾ ಹಂಗಿದೆ ಅಂತ ಮುಗಿಸಿದ್ರೆ ಇನ್ನೊಬ್ರನ್ನ ನೋಡಿ. ಒಳಗಿರೋದು ಎಷ್ಟು ವೇಗವಾಗಿ ಬದಲಾಗ್ತಿದೆ, ಆ ವೇಗ ಹೊರಗಿನದಕ್ಕೆ ಹೆಂಗೆ ಸೇರ್ಕೊಳುತ್ತೆ ಅಂತ ಒಂದು ಚಿತ್ರನೋ ಉದಾಹರಣೆನೋ ಹಿಡ್ಕೊಂಡು ಹೇಳೋಕೆ ಪ್ರಯತ್ನ ಪಟ್ರೆ, ಪೂರ್ತಿ ನಿಮಗೆ ತಿಳೀದೇ ಇದ್ರೂ ಪರ್ವಾಗಿಲ್ಲ, ಆ ಮನುಷ್ಯನಿಗೆ ಹೇಳ್ಕೊಡೋ ಆಸೆ ಇದೆ ಅಂತ ಅರ್ಥ.

ಮೊದಲ ದಿನಾನೇ ಸಿಇಟಿ ಶಾರ್ಟ್‌ಕಟ್ ಶುರು ಮಾಡೋರಿಂದ ದೂರ ಇರಿ. ಸಿಇಟಿಲಿ 60 ಪ್ರಶ್ನೆಗೆ 80 ನಿಮಿಷ, ವೇಗ ಬೇಕು ನಿಜ, ಆದ್ರೆ ಬುಡ ಇಲ್ಲದೇ ವೇಗ ಬರಲ್ಲ. ಸೆಕೆಂಡ್ ಪಿಯು ಪುಸ್ತಕದ 13 ಅಧ್ಯಾಯದಲ್ಲಿ 5 ಕ್ಯಾಲ್ಕುಲಸ್ಸೇ, ಕಂಟಿನ್ಯೂಟಿಯಿಂದ ಹಿಡ್ದು ಡಿಫರೆನ್ಷಿಯಲ್ ಈಕ್ವೇಷನ್ ತನಕ ಒಂದರ ಮೇಲೊಂದು ಕಟ್ಟಿರೋದು, ಹಂಗಾಗಿ ಇದನ್ನ ಬಿಟ್ಟು ಬೇರೆ ಓದ್ಕೊಂಡು ಮ್ಯಾನೇಜ್ ಮಾಡ್ತೀನಿ ಅನ್ನೋದೂ ಆಗಲ್ಲ.

ಆನ್‌ಲೈನ್ ಆದ್ರೆ ಒಂದು ಫೋನ್ ಸಾಕು. ಎರಡು ಡಬ್ಬದ ಮೇಲೆ ಸ್ಕೇಲ್ ಅಡ್ಡ ಇಟ್ಟು ಫೋನ್ ಮಲಗಿಸಿ, ಕ್ಯಾಮೆರಾ ನೋಟ್‌ಬುಕ್ ಮೇಲೆ ಬೀಳೋ ಹಂಗೆ ಮಾಡಿ, ಟ್ಯೂಟರಿಗೆ ಮಗು ಬರೆಯೋದು ಕಾಣ್ಬೇಕು, ಮುಖ ಕಾಣದಿದ್ರೂ ನಡಿಯುತ್ತೆ. ನಾನು ಗಂಟೆಗೆ 400 ತಗೋತೀನಿ, ಮೈಸೂರಲ್ಲಿ ಕಡಿಮೆಗೂ ಹೇಳ್ಕೊಡೋರಿದಾರೆ. ವಾರಕ್ಕೆ ಎರಡು ಗಂಟೆ ಆದ್ರೆ ನಿಮ್ಮ ಬಜೆಟ್ಟಲ್ಲೇ ಆಗುತ್ತೆ, ವಾರಕ್ಕೆ ಐದು ದಿನ ಟ್ಯೂಷನ್ ಬೇಡವೇ ಬೇಡ, ಮಗು ಒಬ್ಳೇ ಕೂತು ಲೆಕ್ಕ ಮಾಡೋಕೆ ಸಂಜೆ ಉಳೀಬೇಕು.


ಹುಬ್ಳಿ ಹುಡ್ಗ:

ಅಣ್ಣಾರ, ಟೀಚರ್ ಹೇಳಿದ ಪೆನ್ನಿನ ಮಾತು ನೂರಕ್ಕ ನೂರು ಖರೆ ಐತಿ. ನಾ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿ ಮ್ಯಾಲ ಸೀದಾ ಇಂಜಿನಿಯರಿಂಗ್ ಮೂರನೇ ಸೆಮ್ಮಿಗೆ ಬಂದಾಂವ. ಪಿಯುದಿಂದ ಬಂದ ಹುಡುಗ್ರು ಫಸ್ಟ್ ಇಯರ್‌ದಾಗ ಕ್ಯಾಲ್ಕುಲಸ್ ಒಂದ್ ಸುತ್ತು ಮುಗಿಸಿ ಕುಂತಿದ್ರು, ನನಗ ಇಂಟಿಗ್ರೇಷನ್ ಚಿನ್ಹಿ ನೋಡಿದ್ರನ ಎದಿ ಧಸಕ್ ಅಂತಿತ್ತು.

ಮೊದಲ ನಮ್ಮ ಸೀನಿಯರ್ ಒಬ್ರ ಕಡೆ ಹೋದೆ. ಭಾಳ ಶಾಣ್ಯಾ ಮನಷ್ಯಾ, ಕೈಯಾಗ ಪೆನ್ ಹಿಡದ್ರ ಎರಡ ನಿಮಿಷದಾಗ ಪಾನಾ ತುಂಬಸ್ತಿದ್ರು, ಮುಗಿಸಿ ತಿಳೀತಿಲ್ಲೋ ಅಂತ ಕೇಳ್ತಿದ್ರು, ನಾ ಹೂಂ ಅಂತಿದ್ದೆ. ರೂಮಿಗೆ ಬಂದು ಅದ ಲೆಕ್ಕ ಮಾಡಾಕ ಕುಂತ್ರ ಮೊದಲನೇ ಸಾಲ ಬರ್ತಿರಲಿಲ್ಲ. ಒಂದ ತಿಂಗಳ ಹಿಂಗ ಹೋತು. ಅವರ ತಪ್ಪಲ್ಲರೀ ಅದು, ಹೂಂ ಅಂದಾಂವ ನಾನ.

ಆಮ್ಯಾಲ ಧಾರವಾಡದಾಗ ಕರ್ನಾಟಕ ಯೂನಿವರ್ಸಿಟಿ ಒಳಗ ಎಮ್ಮೆಸ್ಸಿ ಮ್ಯಾಥ್ಸ್ ಓದೋ ಒಬ್ಬರು ಗೆಳೆಯನ ಕಡಿಂದ ಸಿಕ್ರು, ತಾಸಿಗೆ 250 ಕೊಡ್ತಿದ್ದೆ. ಅವರು ಪೆನ್ ಮುಟ್ಟತಿರಲೇ ಇಲ್ಲ. ನೀ ಮಾಡು, ಎಲ್ಲಿ ನಿಲ್ಲತಿ ಅಲ್ಲಿ ಹೇಳು ಅಂತಿದ್ರು. ನಿಂತೆ ಅಂದ್ರ ಉತ್ತರ ಹೇಳ್ತಿರಲಿಲ್ಲ, ಇದಕ್ಕಿಂತ ಸಣ್ಣ ಲೆಕ್ಕ ಒಂದ್ ಕೊಡ್ತಿದ್ರು, ಅದು ಆತಂದ್ರ ತಿರಗಿ ದೊಡ್ಡದಕ್ಕ ಬರೂದು. ಮೊದಲನೇ ದಿನ ಒಂದ ತಾಸಿನಾಗ ಒಂದ ಲೆಕ್ಕ ಆತು, ನನಗ ರೊಕ್ಕ ಹಾಳಾತು ಅನಿಸಿತ್ತು. ಆದ್ರ ಆ ಲೆಕ್ಕ ಇವತ್ತಿಗೂ ಮರ್ತಿಲ್ಲ. ಮೂರ ತಿಂಗಳದಾಗ ಪಾಸಾದೆ, ಮುಂದಿನ ಸೆಮ್ಮಿಗೆ ಟ್ಯೂಷನ್ ಬೇಕಾಗಲಿಲ್ಲ.

ನಿಮಗೂ ಹತ್ರದಾಗ ತುಮಕೂರು ಯೂನಿವರ್ಸಿಟಿ ಐತಲ್ರೀ, ಅಲ್ಲಿ ಎಮ್ಮೆಸ್ಸಿ ಮ್ಯಾಥ್ಸ್ ಹುಡುಗ್ಯಾರು ತಿಪಟೂರಿಂದ ಟ್ರೇನಿಗೆ ಓಡಾಡೋರು ಇದ್ದ ಇರ್ತಾರ, ಕೇಳಿ ನೋಡ್ರಿ. ಮತ್ತ ತಂಗೀಗೆ ಹೇಳ್ರಿ, ತಿಳೀಲಿಲ್ಲ ಅಂದ್ರ ಹೂಂ ಅನಬ್ಯಾಡವಾ ಅಂತ.


ತಿಪಟೂರಿನ ಅಣ್ಣ:

ಮೂರು ಜನಕ್ಕೂ ತುಂಬಾ ಧನ್ಯವಾದ. ಟೀಚರ್ ಬರ್ದಿದ್ದನ್ನ ತಂಗಿಗೆ ಫೋನಲ್ಲಿ ಓದಿ ಹೇಳ್ದೆ, ಟ್ಯಾಂಜೆಂಟ್ ಅಂದ್ರೆ ಸ್ಪರ್ಶಕ ಅಂದಾಗ ಆ ಕಡೆಯಿಂದ ಒಂದ್ ನಿಮಿಷ ಸದ್ದೇ ಇಲ್ಲ, ಆಮೇಲೆ ಅಣ್ಣಾ ನಂಗೆ ಇದು ಗೊತ್ತೇ ಇರ್ಲಿಲ್ಲ ಅಂದ್ಲು. ಎಷ್ಟೋ ದಿನ ಆದ್ಮೇಲೆ ಅವಳು ಓದೋ ವಿಷ್ಯ ನನ್ನ ಜೊತೆ ಮಾತಾಡಿದ್ದು.

ಒಂದು ಸಂದೇಹ. ಊರಲ್ಲಿ ಒಬ್ರು ಹೇಳಿದ್ರು ಸರ್ಕಾರಿ ಕಾಲೇಜಿನ ಲೆಕ್ಚರರ್ ಒಬ್ರು ಮನೇಲಿ ಹೇಳ್ಕೊಡ್ತಾರೆ ಅವ್ರನ್ನ ಕೇಳಿ ಅಂತ, ಅದು ಸರಿನಾ? ಮತ್ತೆ ಈ ಡೆರಿವೇಟಿವ್ ಅಂದ್ರೆ ನಿಜವಾಗ್ಲೂ ಏನು, ಯಾರಾದ್ರೂ ನನಗೆ ಅರ್ಥ ಆಗೋ ಹಂಗೆ ಹೇಳ್ತೀರಾ, ಡೆಮೋಲಿ ಕೂತಾಗ ಪೂರ್ತಿ ಕಣ್ಣು ಕಟ್ಟಿದ ಹಂಗೆ ಇರೋದು ಬೇಡ ಅಂತ.


ನಿವೃತ್ತ ಲೆಕ್ಚರರ್, ಶಿವಮೊಗ್ಗ:

ಮೊದಲನೇ ಸಂದೇಹಕ್ಕೆ, ಸರ್ಕಾರಿ ಕಾಲೇಜಿನ ಲೆಕ್ಚರರ್ ಖಾಸಗಿ ಟ್ಯೂಷನ್ ನಡೆಸೋ ಹಾಗಿಲ್ಲ ಮಾರಾಯ್ರೆ, ಅದು ನಿಯಮಕ್ಕೆ ವಿರುದ್ಧ. ಆದರೆ ತಂಗಿಯ ಸ್ವಂತ ಲೆಕ್ಚರರ್ ಹತ್ರ ಕ್ಲಾಸ್ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ ಡೌಟ್ ಕೇಳೋದಕ್ಕೆ ಯಾವ ಅಡ್ಡಿಯೂ ಇಲ್ಲ, ಅದಕ್ಕೆ ದುಡ್ಡೂ ಬೇಡ. ನಾನು ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ, ನನ್ನ ಹತ್ರ ಹಾಗೆ ಬಂದ ಮಕ್ಕಳನ್ನ ಬೆರಳಲ್ಲಿ ಎಣಿಸಬಹುದು, ಬಂದವರನ್ನ ಒಬ್ಬರನ್ನೂ ವಾಪಸ್ ಕಳಿಸಿಲ್ಲ. ಒಬ್ಬಳೇ ಹೋಗೋಕೆ ಭಯ ಆದ್ರೆ ಗೆಳತಿಯನ್ನ ಕರ್ಕೊಂಡು ಹೋಗಲಿ, ಕನ್ನಡದಲ್ಲೇ ಕೇಳಲಿ.

ಎರಡನೇ ಪ್ರಶ್ನೆ ಕೇಳಿದ್ದು ನನಗೆ ತುಂಬಾ ಖುಷಿ ಆಯ್ತು. ನಿಮ್ಮೂರು ತೆಂಗಿನ ಸೀಮೆ, ತೆಂಗಿನ ಮರದಿಂದಲೇ ಹೇಳ್ತೇನೆ. ಮರ 20 ಮೀಟರ್ ಎತ್ತರ ಅಂತ ಇಟ್ಕೊಳ್ಳಿ, ತುದಿಯಿಂದ ಒಂದು ಕಾಯಿ ಕಳಚಿ ಬಿತ್ತು. ಬೀಳೋ ವಸ್ತು ಎಷ್ಟು ದೂರ ಬಂತು ಅಂತ ತಿಳಿಯೋಕೆ ಸೆಕೆಂಡನ್ನ ಸೆಕೆಂಡಿನಿಂದಲೇ ಗುಣಿಸಿ ಅದನ್ನ 5ರಿಂದ ಗುಣಿಸಿದ್ರೆ ಹೆಚ್ಚು ಕಡಿಮೆ ಸರಿ ಬರ್ತದೆ. ಒಂದು ಸೆಕೆಂಡಿಗೆ 5 ಮೀಟರ್, ಎರಡು ಸೆಕೆಂಡಿಗೆ 20 ಮೀಟರ್, ಅಂದ್ರೆ ಎರಡು ಸೆಕೆಂಡಲ್ಲಿ ಕಾಯಿ ನೆಲಕ್ಕೆ ಬಂತು. ಈಗ ಪ್ರಶ್ನೆ, ನೆಲ ಮುಟ್ಟೋ ಆ ಕ್ಷಣಕ್ಕೆ ಕಾಯಿಯ ವೇಗ ಎಷ್ಟು?

20 ಮೀಟರನ್ನ 2 ಸೆಕೆಂಡಿಂದ ಭಾಗಿಸಿದ್ರೆ 10 ಬರ್ತದೆ, ಆದರೆ ಅದು ಸರಾಸರಿ, ಮೇಲೆ ನಿಧಾನ ಇತ್ತು, ಕೆಳಗೆ ಬರ್ತಾ ಜೋರಾಯ್ತು, ಕೊನೇ ಕ್ಷಣದ್ದು 10 ಆಗಿರೋಕೆ ಸಾಧ್ಯ ಇಲ್ಲ. ಹಾಗಾದ್ರೆ ಕೊನೇ ಒಂದು ಸೆಕೆಂಡನ್ನ ಮಾತ್ರ ನೋಡುವಾ, 5ರಿಂದ 20ಕ್ಕೆ ಬಂತು, 15 ಮೀಟರ್, ಅಂದ್ರೆ ವೇಗ 15. ಕೊನೇ ಅರ್ಧ ಸೆಕೆಂಡ್ ಮಾತ್ರ ನೋಡಿದ್ರೆ 17.5. ಕೊನೇ ಹತ್ತನೇ ಒಂದು ಸೆಕೆಂಡ್ ನೋಡಿದ್ರೆ 19.5. ಕೊನೇ ನೂರನೇ ಒಂದು ಸೆಕೆಂಡ್ ನೋಡಿದ್ರೆ 19.95. ಕ್ಯಾಲ್ಕುಲೇಟರಲ್ಲಿ ನೀವೇ ಮಾಡಿ ನೋಡಿ. ಸಮಯದ ತುಣುಕು ಚಿಕ್ಕದಾದಷ್ಟೂ ಉತ್ತರ ಒಂದು ಸಂಖ್ಯೆ ಕಡೆ ಹೋಗಿ ಅಂಟಿಕೊಳ್ತಾ ಇದೆ, ಅದು 20. ಆ ಅಂಟಿಕೊಳ್ಳೋ ಸಂಖ್ಯೆಯೇ ಲಿಮಿಟ್. ಆ ಕ್ಷಣದ ವೇಗವೇ ಡೆರಿವೇಟಿವ್, ಅದನ್ನ ಕಂಡುಹಿಡಿಯೋದೇ ಡಿಫರೆನ್ಷಿಯೇಷನ್. ಸೆಕೆಂಡಿಗೆ 20 ಮೀಟರ್ ಅಂದ್ರೆ ಗಂಟೆಗೆ 72 ಕಿಲೋಮೀಟರ್, ಕಾಯಿ ಕೀಳುವಾಗ ಮರದ ಕೆಳಗೆ ನಿಲ್ಲಬೇಡಿ ಅಂತ ಹಿರಿಯರು ಗದರೋದು ಇದಕ್ಕೇ.

ಪುಸ್ತಕದಲ್ಲಿ ಎಚ್ ಟೆಂಡ್ಸ್ ಟು ಝೀರೋ ಅಂತ ಬರೆದಿರ್ತದಲ್ಲ, ಆ ಎಚ್ಚೇ ಈ ಸಮಯದ ತುಣುಕು. ತಂಗಿಗೆ ಇದನ್ನ ನೀವೇ ಹೇಳಿ. ಟ್ಯೂಟರ್ ಹೇಳೋದಕ್ಕಿಂತ ಐಟಿಐ ಓದಿದ ಅಣ್ಣ ಕೂತು ಇದನ್ನ ಲೆಕ್ಕ ಹಾಕಿ ತೋರಿಸಿದ್ರೆ ಆ ಮಗುವಿನ ಭಯ ಅರ್ಧ ಇಳೀತದೆ.

ಇನ್ನು ಟ್ಯೂಟರ್ ವಿಷಯ, ತಿಪಟೂರಲ್ಲೇ ಡಿಗ್ರಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು ಎರಡೂ ಇದೆ. ಮ್ಯಾಥ್ಸ್ ಡಿಪಾರ್ಟ್‌ಮೆಂಟಿಗೆ ಹೋಗಿ ವಿಚಾರಿಸಿ, ಈಚೆಗೆ ಎಮ್ಮೆಸ್ಸಿ ಮುಗಿಸಿ ಊರಲ್ಲಿ ಇರೋ ಹಳೇ ವಿದ್ಯಾರ್ಥಿಗಳ ಹೆಸರು ಅವರ ಹತ್ರ ಇರ್ತದೆ.


ತಿಪಟೂರಿನ ಅಣ್ಣ:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕು ಅನ್ನಿಸ್ತು.

ಲೆಕ್ಚರರ್ ಸಾರ್ ಹೇಳಿದ ಹಂಗೆ ಶನಿವಾರ ರಜಾ ಹಾಕಿ ಊರಿಗೆ ಹೋಗಿ ಡಿಗ್ರಿ ಕಾಲೇಜಲ್ಲಿ ವಿಚಾರಿಸ್ದೆ, ಎರಡು ಹೆಸ್ರು ಕೊಟ್ರು. ಮೊದಲನೆಯವ್ರು ಡೆಮೋಲಿ ತುಂಬಾ ಚೆನ್ನಾಗಿ ಮಾತಾಡಿದ್ರು, ಒಂದು ಗಂಟೆ ಅವ್ರೇ ಬರೆದ್ರು, ತಂಗಿ ತಲೆ ಆಡಿಸ್ತಾ ಕೂತಿದ್ಲು. ವಾಪಸ್ ಬರ್ತಾ ಹೆಂಗಿತ್ತು ಅಂದೆ, ಚೆನ್ನಾಗಿತ್ತು ಅಂದ್ಲು, ಏನು ಹೇಳಿದ್ರು ಅಂದೆ, ಸುಮ್ನಾದ್ಲು.

ಎರಡನೆಯವ್ರು ಎಮ್ಮೆಸ್ಸಿ ಬಿಎಡ್ ಮಾಡಿರೋ ಒಬ್ರು ಮೇಡಂ, ಬಸ್ ಸ್ಟ್ಯಾಂಡಿಂದ ನಡ್ಕೊಂಡ್ ಹೋಗೋವಷ್ಟು ಹತ್ರ ಮನೆ, ಅತ್ತೆ ಮಾವ ಎಲ್ಲಾ ಜೊತೇಲಿದಾರೆ, ಅಮ್ಮನೂ ಬಂದಿದ್ರು. ಟೆಸ್ಟ್ ಪೇಪರ್ ಕೊಟ್ವಿ. ಮೇಡಂ ಕನ್ನಡಕ ಹಾಕ್ಕೊಂಡು ಐದು ನಿಮಿಷ ಮಾತೇ ಆಡದೆ ಓದಿದ್ರು. ಆಮೇಲೆ ಒಂದು ಕಡೆ ಬೆರಳಿಟ್ಟು ಇದೇನು ಅಂತ ಕೇಳಿದ್ರು. ಅಲ್ಲಿ ಎಕ್ಸ್ ಸ್ಕ್ವೇರ್ ಪ್ಲಸ್ 9ಕ್ಕೆ ರೂಟ್ ಇತ್ತು, ತಂಗಿ ಅದನ್ನ ಎಕ್ಸ್ ಪ್ಲಸ್ 3 ಅಂತ ಮಾಡ್ಕೊಂಡು ಮುಂದೆ ಹೋಗಿದ್ಲು. ಮೇಡಂ ತಪ್ಪು ಅನ್ಲಿಲ್ಲ. ಎಕ್ಸಿಗೆ 4 ಹಾಕಿ ಎರಡೂ ಕಡೆ ಮಾಡು ನೋಡೋಣ ಅಂದ್ರು. ಇವಳು ಬರೆದ್ಲು, ಈ ಕಡೆ 16 ಪ್ಲಸ್ 9 ಅಂದ್ರೆ 25, ರೂಟ್ ತೆಗೆದ್ರೆ 5. ಆ ಕಡೆ 4 ಪ್ಲಸ್ 3 ಅಂದ್ರೆ 7. ಪೆನ್ನು ಅಲ್ಲೇ ನಿಂತ್ಬಿಡ್ತು. ಸ್ವಲ್ಪ ಹೊತ್ತು ಆ 5ನ್ನೂ 7ನ್ನೂ ನೋಡಿದ್ಲು, ಆಮೇಲೆ ಯಾರೂ ಹೇಳ್ದೇನೇ ಪೇಪರ್ ತಿರುಗಿಸಿ ಅದೇ ತಪ್ಪು ಇನ್ನೆರಡು ಕಡೆ ಮಾಡಿರೋದನ್ನ ತಾನೇ ಹುಡುಕಿ ಗೋಲ ಸುತ್ತಿದ್ಲು. ಅಮ್ಮನಿಗೆ ಏನು ನಡೀತಿದೆ ಅಂತ ತಿಳೀಲಿಲ್ಲ ಆದ್ರೂ ನನ್ನ ಕಡೆ ನೋಡಿ ತಲೆ ಆಡ್ಸಿದ್ರು. ಅಲ್ಲೇ ಒಪ್ಕೊಂಡ್ವಿ.

ಮಂಗಳವಾರ, ಶುಕ್ರವಾರ ಕಾಲೇಜು ಮುಗಿಸ್ಕೊಂಡು 4.30ರಿಂದ 6, ಬಸ್ಸಿಗೆ ಟೈಮ್ ಸಿಗುತ್ತೆ. ತಿಂಗಳಿಗೆ 2800 ಮಾತಾಗಿದೆ, ತಿಂಗಳ ಕೊನೇಲಿ ಕೊಡೋದು. ಮೊದಲ ಎರಡು ವಾರ ಕ್ಯಾಲ್ಕುಲಸ್ ಮುಟ್ಟೇ ಇಲ್ಲ, ಭಿನ್ನರಾಶಿ, ಘಾತ, ಟ್ರಿಗ್ನಾಮೆಟ್ರಿ ಇಷ್ಟೇ. ಮೊನ್ನೆಯಿಂದ ಚೈನ್ ರೂಲ್. ತೆಂಗಿನಕಾಯಿ ಲೆಕ್ಕ ಭಾನುವಾರ ನಾವಿಬ್ರೂ ಅಂಗಳದಲ್ಲಿ ಕೂತು ಮಾಡಿದ್ವಿ, 19.95 ಬಂದಾಗ ಅವಳೇ ಇನ್ನೂ ಚಿಕ್ಕದು ಮಾಡೋಣ ಅಂತ ಸಾವಿರನೇ ಒಂದು ಸೆಕೆಂಡ್ ಹಾಕಿ 19.995 ತೆಗ್ದು ತೋರಿಸಿದ್ಲು. ಅಪ್ಪನೂ ಬಂದು ಕೂತಿದ್ರು, ಮರದ್ದು ಎತ್ತರ 20 ಇಲ್ಲ ಕಣ್ರೋ 18 ಇರ್ಬಹುದು ಅಂದ್ರು, ಅದಕ್ಕೂ ಇನ್ನೊಂದ್ಸಲ ಲೆಕ್ಕ ಆಯ್ತು.

ನಿನ್ನೆ ಟೆಸ್ಟಲ್ಲಿ 25ಕ್ಕೆ 12. ಈಗ ಒಂದೇ ತಲೆಬಿಸಿ, ಕಾಲೇಜಲ್ಲಿ ಇಂಟಿಗ್ರೇಷನ್ ಶುರು ಮಾಡ್ಬಿಟ್ಟಿದಾರೆ, ಟ್ಯೂಷನಲ್ಲಿ ಇನ್ನೂ ಹಿಂದೆ ಇದೆ. ಮೇಡಂಗೆ ಬೇಗ ಮಾಡಿ ಅಂತ ಹೇಳ್ಬೇಕಾ?


ಗಣಿತ ಟೀಚರ್, ಮೈಸೂರು:

12 ನೋಡಿ ತುಂಬಾ ಸಂತೋಷ ಆಯ್ತು. ಬೇಗ ಮಾಡಿ ಅಂತ ಹೇಳ್ಬೇಡಿ. ಇಂಟಿಗ್ರೇಷನ್ ಅಂದ್ರೆ ಡಿಫರೆನ್ಷಿಯೇಷನ್ನನ್ನ ಉಲ್ಟಾ ಓದೋದು, ಸಬ್‌ಸ್ಟಿಟ್ಯೂಷನ್ ಅಂತ ಬರುತ್ತಲ್ಲ ಅದು ಚೈನ್ ರೂಲನ್ನೇ ಹಿಂದಿನಿಂದ ಹಿಡಿಯೋದು, ಹಂಗಾಗಿ ಚೈನ್ ರೂಲ್ ಕೈಗೆ ಹತ್ತಿದ್ರೆ ಆ ದೊಡ್ಡ ಪಾಠದಲ್ಲಿ ಎಷ್ಟೋ ಲೆಕ್ಕ ತಾನಾಗೇ ದಾರಿ ಬಿಡುತ್ತೆ. ಕಾಲೇಜಲ್ಲಿ ಹೇಳೋದನ್ನ ಸದ್ಯಕ್ಕೆ ನೋಟ್ಸ್ ಬರ್ಕೊಂಡು ಇಟ್ಕೊಳ್ಳಲಿ, ತಿಳೀದೇ ಇರೋ ಸಾಲಿನ ಪಕ್ಕ ಪೆನ್ಸಿಲಲ್ಲಿ ಒಂದು ಚುಕ್ಕಿ ಇಡ್ಲಿ, ಆ ಚುಕ್ಕಿಗಳನ್ನ ಶುಕ್ರವಾರ ಮೇಡಂ ಮುಂದೆ ಇಟ್ರೆ ಸಾಕು.

ಮನೇಲಿ ಮಾಡೋಕೆ ಒಂದು ಅಭ್ಯಾಸ ಹೇಳ್ತೀನಿ. ಇಂಟಿಗ್ರೇಷನ್ ಲೆಕ್ಕಕ್ಕೆ ಉತ್ತರ ಬಂದ್ಮೇಲೆ ಪುಸ್ತಕದ ಹಿಂದೆ ನೋಡ್ಬಾರ್ದು, ಬಂದ ಉತ್ತರವನ್ನ ತಿರುಗಾ ಡಿಫರೆನ್ಷಿಯೇಟ್ ಮಾಡ್ಬೇಕು, ಪ್ರಶ್ನೆ ವಾಪಸ್ ಬಂದ್ರೆ ಸರಿ, ಬರ್ಲಿಲ್ಲ ಅಂದ್ರೆ ಎಲ್ಲೋ ಜಾರಿದೆ. ಎರಡೂ ಪಾಠ ಒಟ್ಟಿಗೆ ಗಟ್ಟಿ ಆಗುತ್ತೆ, ಸರಿನಾ ತಪ್ಪಾ ಅಂತ ಕೇಳೋಕೆ ಯಾರೂ ಬೇಕಾಗಲ್ಲ. ದಿನಕ್ಕೆ ನಾಲ್ಕು ಲೆಕ್ಕ ಸಾಕು, ಹನ್ನೊಂದು ಗಂಟೆ ತನಕ ಕೂರೋದು ಬೇಡ, ಹತ್ತಕ್ಕೆ ಮಲಗಿಸಿ. ಎಲ್ಲಾದ್ರೂ ಸಿಕ್ಕಾಕ್ಕೊಂಡ್ರೆ ಆ ಪೇಜಿನ ಫೋಟೋ ಇಲ್ಲೇ ಹಾಕಿ, ಹೆಸರು ಕಾಲೇಜು ಕಾಣದ ಹಂಗೆ, ಭಾನುವಾರ ಸಂಜೆ ನಾನು ಕೂತು ನೋಡ್ತೀನಿ.